ಜಿಪ್ಸಿಯ ಮುಂದಿನ ಶಾಫ್ಟ್ ಮತ್ತು 62 ಹರ್ಟ್ಸ್

ನಮ್ಮ ಗೆಳೆಯನೊಬ್ಬನ ಸೋದರಮಾವನ ಮನೆ ಹೇರೋಹಳ್ಳಿಯಲ್ಲಿ. ಅಲ್ಲೊಂದು 2002ರ ಮಾರುತಿ ಜಿಪ್ಸಿ ಕಿಂಗ್ ಇದೆ. ತಿಂಗಳಿಗೊಮ್ಮೆ ಅಜ್ಜಿಯನ್ನು ಕೂರಿಸಿಕೊಂಡು ಸಕಲೇಶಪುರದ ಕಡೆಯ ತೋಟಕ್ಕೆ ಹೋಗಿಬರುವ ಗಾಡಿ. ತೋಟದ ದಾರಿಯಲ್ಲಿ ತಳ ತಾಗುತ್ತೆ ಅಂತ ಮಾವ ಹೋದ ವರ್ಷ ಮುಂದಿನ ಪಟ್ಟಿ ಸ್ಪ್ರಿಂಗ್‌ಗೆ ಉದ್ದದ ಶ್ಯಾಕಲ್ ಹಾಕಿಸಿದ್ದರು. ಅಲ್ಲಿಂದ ಶುರುವಾಯ್ತು ತಾಪತ್ರಯ. ವೇಗ ಅರವತ್ತಕ್ಕೆ ಬಂದರೆ ಕಾಲಡಿ ಎಲ್ಲ ಗುಂಯ್ ಅಂತ ನಡುಗೋದು. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. "ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತೆಗೆದು ಡಬಲ್ ಕಾರ್ಡಾನ್ ಹಾಕಿಸಿ" ಅಂತ ಯಾರೋ ಹೇಳಿದ್ದರು. ಮಾವ ನಮ್ಮನ್ನು ಕೇಳಿದರು: "ಇಂಜಿನಿಯರಿಂಗ್ ಓದ್ತಿದೀರಲ್ಲ, ಹಾಕಿಸ್ಬೇಕಾ ಬೇಡ್ವಾ, ನೀವೇ ಹೇಳ್ರೋ."

ಹಾಕಿಸಿ ಅಂತ ಹೇಳೋಕೆ ಬಾಯಿ ತುದಿಗೆ ಬಂದಿತ್ತು. ಹೊಸ ಪಾರ್ಟ್ ಜೋಡಿಸೋ ಆಸೆ ಯಾರಿಗಿರಲ್ಲ?

ಮೊದಲು ಗಾಡಿಯ ವಿಷಯ. ಜಿಪ್ಸಿ ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿ ಅಲ್ಲ, ಬೇಕಾದಾಗ ಮಾತ್ರ. ಆದರೆ ಮಾವನ ಗಾಡಿಯಲ್ಲಿ ಮುಂದಿನ ಹಬ್ ಫ್ರೀ ಆಗೋದಿಲ್ಲ. ಹಾಗಾಗಿ ಟೂ ವೀಲ್ ಡ್ರೈವ್‌ನಲ್ಲಿದ್ದರೂ ಚಕ್ರಗಳೇ ಆಕ್ಸಲ್ ಮೂಲಕ ಮುಂದಿನ ಶಾಫ್ಟನ್ನು ತಿರುಗಿಸುತ್ತಾ ಇರುತ್ತವೆ. ಸುಮ್ಮನಿರಬೇಕಾದ ಶಾಫ್ಟ್ ಹೈವೇ ಪೂರ್ತಿ ತಿರುಗುತ್ತೆ.

ಈಗ ಲೆಕ್ಕ. 205/70 ಆರ್15 ಟೈರು ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತೆ. ಗಂಟೆಗೆ 60 ಕಿ.ಮೀ. ಅಂದರೆ ಚಕ್ರ ಸೆಕೆಂಡಿಗೆ 8 ಸುತ್ತು. ಡಿಫರೆನ್ಷಿಯಲ್ ಅನುಪಾತ ಸುಮಾರು 3.9, ಅಂದರೆ ಶಾಫ್ಟ್ 31 ಸುತ್ತು. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ನಡುಕ 8 ಹರ್ಟ್ಸ್‌ನಲ್ಲಿ, ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ 31ರಲ್ಲಿ ಕಾಣಬೇಕು. ಯೂನಿವರ್ಸಲ್ ಜಾಯಿಂಟಿನ ಕೋನದ ತೊಂದರೆಯಾದರೆ ಸುತ್ತಿಗೆ ಎರಡು ಸಲ, ಅಂದರೆ 62.

ಫೋನಿನಲ್ಲಿ ಫೈಫಾಕ್ಸ್ ಆ್ಯಪ್ ಹಾಕಿ (ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ) ಗಾಡಿಯ ನೆಲಕ್ಕೆ ಟೇಪ್ ಅಂಟಿಸಿ ಮಾಗಡಿ ರೋಡಿನಲ್ಲಿ ತಾವರೆಕೆರೆ ಕಡೆ ಹೋದೆವು. ಆಕ್ಸಿಲರೇಶನ್ ಸ್ಪೆಕ್ಟ್ರಮ್‌ನಲ್ಲಿ 62ರ ಹತ್ತಿರ ಎದ್ದು ಕಾಣುವ ಶಿಖರ ಬಂತು. ಆದರೆ ನಾಲ್ಕು ಸಿಲಿಂಡರಿನ ಇಂಜಿನ್ನೂ ಅದೇ ಆಸುಪಾಸಿನ ನಡುಕ ಕೊಡಬಲ್ಲದು. ಅದಕ್ಕೇ ಖಾಲಿ ರಸ್ತೆಯಲ್ಲಿ ಒಂದೆರಡು ಕ್ಷಣ ನ್ಯೂಟ್ರಲ್‌ಗೆ ತಂದು ನೋಡಿದೆವು. ಶಿಖರ ಹಾಗೇ ಇತ್ತು. ಮನೆಗೆ ಬಂದು ಮುಂದಿನ ಶಾಫ್ಟನ್ನೇ ಬಿಚ್ಚಿಟ್ಟು ಮತ್ತೆ ಹೋದರೆ ಶಿಖರ ನೆಲ ಕಚ್ಚಿತ್ತು. ಅಲ್ಲಿಗೆ ಕಳ್ಳ ಸಿಕ್ಕ.

ಒಂದು ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಒಳಗೆ ಹೋಗುವ ವೇಗ ಸಮ ಇದ್ದರೂ ಹೊರಗೆ ಬರೋದು ಸಮ ಇರಲ್ಲ. ಒಂದೇ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತೆ. ಕೋನ β ಆದರೆ ವೇಗದ ಅನುಪಾತ cos β ಮತ್ತು 1/cos β ನಡುವೆ ಓಲಾಡುತ್ತೆ. ಅದಕ್ಕೇ ಶಾಫ್ಟಿನ ಎರಡು ತುದಿಗೂ ಒಂದೊಂದು ಜಾಯಿಂಟ್. ಎರಡೂ ಕೋನ ಸಮ ಇದ್ದು, ಶಾಫ್ಟಿನ ಎರಡೂ ಯೋಕ್ ಒಂದೇ ಸಾಲಿನಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತೆ.

ಫೋನಿನ ಲೆವೆಲ್ ಇಟ್ಟು ಅಳೆದೆವು. ಟ್ರಾನ್ಸ್‌ಫರ್ ಕೇಸ್ ಹತ್ತಿರ 13 ಡಿಗ್ರಿ, ಆಕ್ಸಲ್ ಹತ್ತಿರ 5. ಉಳಿಯುವ ಕೋನಕ್ಕೆ ವರ್ಗಗಳನ್ನು ಕಳೆದು ವರ್ಗಮೂಲ ತೆಗೀಬೇಕು: 169ರಲ್ಲಿ 25 ಹೋದರೆ 144, ಅಂದರೆ 12 ಡಿಗ್ರಿ. ಇದು 3ರೊಳಗಿರಬೇಕು ಅನ್ನೋದು ವಾಡಿಕೆ. 12 ಡಿಗ್ರಿ ಅಂದರೆ ವೇಗದಲ್ಲಿ ಎರಡೂ ಕಡೆ ಶೇಕಡಾ 2ಕ್ಕಿಂತ ಹೆಚ್ಚು ಏರುಪೇರು.

ಕೋನ ಯಾಕೆ ಹೀಗಾಯ್ತು? ಜಿಪ್ಸಿಯ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಇರೋದು ಬಂಪರ್ ಕಡೆಗೆ. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗಿನ ಮುಂತುದಿ ಇಳಿದು ಇಡೀ ಆಕ್ಸಲ್ ಮುಂದಕ್ಕೆ ಹೊರಳುತ್ತೆ, ಹಿಂದಕ್ಕೆ ಮುಖ ಮಾಡಿರುವ ಪಿನಿಯನ್ ಮೇಲೆ ನೋಡುತ್ತೆ. ಸ್ಟೀರಿಂಗ್ ನಕಲ್ ಕೂಡ ಅದೇ ಹೌಸಿಂಗಿಗೆ ಸೇರಿದ್ದು. ಹಾಗಾಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತೆ, ಸ್ಟೀರಿಂಗ್ ತಾನಾಗಿ ನೆಟ್ಟಗೆ ಬರಲ್ಲ. "ಗಾಡಿ ಸ್ವಲ್ಪ ಅಡ್ಡಾಡ್ತದೆ" ಅಂತ ಮಾವ ಹೇಳ್ತಿದ್ದುದನ್ನು ನಾವು ಟೈರಿನ ತಲೆಗೆ ಕಟ್ಟಿದ್ದೆವು!

ಡಬಲ್ ಕಾರ್ಡಾನ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಎರಡು ಕ್ರಾಸ್ ಅಕ್ಕಪಕ್ಕ ಕೂತು, ಇರುವ ಕೋನವನ್ನು ಅರ್ಧರ್ಧ ಹಂಚಿಕೊಂಡು ಏರುಪೇರನ್ನು ಅಲ್ಲೇ ಮುಗಿಸುತ್ತವೆ. ಒಳ್ಳೆ ವಿದ್ಯೆ. ಆದರೆ ಇನ್ನೊಂದು ತುದಿಯ ಜಾಯಿಂಟ್ ಹೆಚ್ಚುಕಡಿಮೆ ನೇರ ಇರಬೇಕು. ನಮ್ಮಲ್ಲಿ ಅಲ್ಲಿ 5 ಡಿಗ್ರಿ ಇದೆ. ಸರಿಮಾಡಲು ಪಿನಿಯನ್ನನ್ನು ಇನ್ನೂ ಮೇಲೆತ್ತಿದರೆ ಉಳಿದ ಕ್ಯಾಸ್ಟರ್ ಕೂಡ ಹೋಗುತ್ತೆ. ಬರೀ ಶಾಫ್ಟ್ ಬದಲಿಸಿದರೆ ನಡುಕ ಕಡಿಮೆಯಾಗಿ, ಅಡ್ಡಾಡೋದು ಹಾಗೇ ಉಳಿದು, "ಈಗ ಸರಿಹೋಯ್ತು" ಅಂತ ಮಾವ ಅಜ್ಜಿಯನ್ನು ಕೂರಿಸಿಕೊಂಡು ಎಂಬತ್ತರಲ್ಲಿ ಓಡಿಸೋರು.

ದಪ್ಪ ಪೈಪಿನ ಶಾಫ್ಟ್ ಹಾಕೋಣ ಅನ್ನೋ ಮಾತೂ ಬಂತು. ಇಂಜಿನ್ನಿನ 103 ನ್ಯೂಟನ್ ಮೀಟರ್ ಟಾರ್ಕ್, ಫಸ್ಟ್ ಗೇರ್ ಸುಮಾರು 3.65, ಲೋ ರೇಂಜ್ 2.27 ಗುಣಿಸಿ: 850. ಮಧ್ಯೆ ಡಿಫರೆನ್ಷಿಯಲ್ ಇಲ್ಲದ ಕಾರಣ ಹಿಂದಿನ ಚಕ್ರ ಕೆಸರಲ್ಲಿ ಜಾರಿದರೆ ಅಷ್ಟೂ ಮುಂದಕ್ಕೆ ಬರಬಹುದು. ಶಾಫ್ಟನ್ನು ಗಟ್ಟಿ ಮಾಡಿದರೆ ಮುರಿಯುವ ಸರದಿ ಆಕ್ಸಲ್ ಒಳಗಿನ ಜಾಯಿಂಟಿಗೋ ಪಿನಿಯನ್ನಿಗೋ ಬರುತ್ತೆ. ಕ್ರಾಸ್ ಅಗ್ಗ, ಅವು ಅಲ್ಲ.

ಕೊನೆಗೆ ಹಳೇ ಅಳತೆಯ ಶ್ಯಾಕಲ್ ತಂದು ಹಾಕಿದೆವು. ಸವೆದಿದ್ದ ಎರಡೂ ಕ್ರಾಸ್ ಬದಲಿಸಲು ಶಾಫ್ಟನ್ನು ಸುಂಕದಕಟ್ಟೆಯ ಒಂದು ಲೇತ್ ಅಂಗಡಿಗೆ ಒಯ್ದೆವು. ವಾಪಸ್ ಜೋಡಿಸಿ ಓಡಿಸಿದರೆ, ಅಯ್ಯೋ, ನಡುಕ ಮೊದಲಿಗಿಂತ ಜಾಸ್ತಿ! ಮತ್ತೆ ಅಂಗಡಿಗೆ. ಯಜಮಾನರು ಶಾಫ್ಟನ್ನು ಒಂದು ಸಲ ನೋಡಿ, "ಬಿಚ್ಚೋ ಮುಂಚೆ ಗುರುತು ಹಾಕಿದ್ರೇನ್ರಪ್ಪಾ?" ಅಂದರು. ಹಾಕಿರಲಿಲ್ಲ. ಸ್ಪ್ಲೈನ್ ಬಿಡಿಸಿ ಸೇರಿಸುವಾಗ ನಾವೇ ಹಲ್ಲು ತಪ್ಪಿಸಿದ್ದೆವು, ಯೋಕ್‌ಗಳು ಸಾಲು ಬಿಟ್ಟಿದ್ದವು. ಎಳೆದು ತಿರುಗಿಸಿ ಕೂರಿಸಲು ಅವರಿಗೆ ಎರಡು ನಿಮಿಷ. ದುಡ್ಡು ತಗೊಳ್ಳಲಿಲ್ಲ.

ಈಗ ಎರಡು ಕೋನ 8 ಮತ್ತು 7.5. ಉಳಿಯೋದು 3ಕ್ಕಿಂತ ಕಡಿಮೆ. 62ರ ಶಿಖರ ಹುಡುಕಿದರೆ ಮಾತ್ರ ಕಾಣುತ್ತೆ. ಸ್ಟೀರಿಂಗ್ ಬಿಟ್ಟರೆ ತಾನೇ ನೆಟ್ಟಗಾಗುತ್ತೆ. ತೋಟದ ದಾರಿಯ ಆ ಒಂದು ಕಲ್ಲು ಮಾತ್ರ ಮತ್ತೆ ತಳಕ್ಕೆ ತಾಗುತ್ತಂತೆ. ಮುಂದಿನ ಸಲ ಹಾರೆ ತಗೊಂಡು ಬನ್ನಿ ಅಂತ ಮಾವ ಹೇಳಿದ್ದಾರೆ.