ಗಂಟಿನ ಗುಟ್ಟು

ಮಕ್ಕಳೇ, ನೀವು ಎಂದಾದರೂ ಬರಿಗಾಲಲ್ಲಿ ನಡೆಯುವಾಗ ಮುಳ್ಳು ತುಳಿದಿದ್ದೀರಾ? ತುಳಿಯದವರು ನಮ್ಮ ಗೋರಂಟ್ಲ, ಹಿಂದೂಪುರ, ಕಲ್ಯಾಣದುರ್ಗದ ಕಡೆ ಸಿಗುವುದು ಕಷ್ಟ. ಇಲ್ಲಿ ಹೊಲದ ಬದುವಿನಲ್ಲಿ ಜಾಲಿ, ಕೆರೆಯ ಅಂಗಳದಲ್ಲಿ ಬಳ್ಳಾರಿ ಜಾಲಿ, ದಾರಿಯಲ್ಲಿ ನೆಗ್ಗಿಲು. ಕುರಿ ಮೇಯಿಸುವವರಿಗೆ, ಕಡಲೆಕಾಯಿ ಕೀಳುವವರಿಗೆ, ಸೌದೆ ಆಯುವವರಿಗೆ ಮುಳ್ಳು ಚುಚ್ಚುವುದು ದಿನದ ಮಾತು. ಸೂಜಿಯಿಂದ ಮುಳ್ಳನ್ನು ಎತ್ತಿ ತೆಗೆಯುತ್ತೇವೆ. ಎರಡು ದಿನದಲ್ಲಿ ನೋವು ಮರೆಯುತ್ತದೆ.

ನೂರಾರು ಬಾರಿ ಹೀಗೆಯೇ ಆಗುತ್ತದೆ. ಆದರೆ ಬಹಳ ಅಪರೂಪಕ್ಕೆ ಒಮ್ಮೆ ಬೇರೆ ರೀತಿ ಆಗುತ್ತದೆ. ಆ ಅಪರೂಪದ ಕಾಯಿಲೆಯನ್ನು ವೈದ್ಯರು ಹೇಗೆ ಕಂಡುಹಿಡಿಯುತ್ತಾರೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ನೋವಿಲ್ಲದ ಗಂಟು

ಮಣ್ಣಿನಲ್ಲಿ ಕಣ್ಣಿಗೆ ಕಾಣದ ಎಷ್ಟೋ ಜೀವಿಗಳಿವೆ. ಕೆಲವು ಶಿಲೀಂಧ್ರಗಳು. ಹಳೆಯ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟು, ಮಳೆಗಾಲದಲ್ಲಿ ಏಳುವ ಅಣಬೆ ಇವುಗಳ ಬಳಗಕ್ಕೆ ಸೇರಿದವು. ಇನ್ನು ಕೆಲವು ಬ್ಯಾಕ್ಟೀರಿಯಾಗಳು. ಇವು ಶಿಲೀಂಧ್ರಗಳಿಗಿಂತಲೂ ಚಿಕ್ಕವು. ಇವುಗಳಲ್ಲಿ ಕೆಲವು ಮುಳ್ಳಿನ ಜೊತೆಗೆ ಕಾಲಿನೊಳಗೆ ಸೇರಿಕೊಳ್ಳಬಲ್ಲವು. ಒಳಗೆ ಹೋದ ಮೇಲೆ ಅವಸರ ಮಾಡುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತವೆ.

ಮೊದಲು ಪಾದದಲ್ಲಿ ಒಂದು ಸಣ್ಣ ಗಂಟು ಕಾಣುತ್ತದೆ. ಒತ್ತಿದರೆ ಹೆಚ್ಚು ನೋವಿಲ್ಲ. ನೋವಿಲ್ಲದ ಕಾರಣ ಯಾರೂ ಅದರ ಕಡೆ ಗಮನ ಕೊಡುವುದಿಲ್ಲ. ಗಂಟು ಹರಡುತ್ತದೆ. ಪಾದ ಊದಿಕೊಳ್ಳುತ್ತದೆ. ಚರ್ಮದಲ್ಲಿ ಅಲ್ಲಲ್ಲಿ ತೂತುಗಳಾಗಿ ಕೀವು ಸುರಿಯುತ್ತದೆ. ಆ ಕೀವಿನಲ್ಲಿ ಗಸಗಸೆಯಂತಹ ಪುಟ್ಟ ಕಾಳುಗಳಿರುತ್ತವೆ. ಕೆಲವರಲ್ಲಿ ಕಪ್ಪು ಕಾಳು, ಕೆಲವರಲ್ಲಿ ಬಿಳಿ ಅಥವಾ ಹಳದಿ, ಇನ್ನು ಕೆಲವರಲ್ಲಿ ಕೆಂಪು. ಹಾಗೆಯೇ ಬಿಟ್ಟರೆ ರೋಗ ಮೂಳೆಯನ್ನೂ ತಿನ್ನುತ್ತದೆ. ಕೊನೆಗೆ ಪಾದವನ್ನೇ ಕತ್ತರಿಸಬೇಕಾಗಿ ಬರಬಹುದು.

ಈ ರೋಗಕ್ಕೆ ಮೈಸಿಟೋಮಾ ಎಂದು ಹೆಸರು. ಸಂಸ್ಕೃತದಲ್ಲಿ ಇದನ್ನು ಪಾದವಲ್ಮೀಕ ಎನ್ನುತ್ತಾರೆ. ವಲ್ಮೀಕ ಎಂದರೆ ಹುತ್ತ. ತೂತು ತೂತಾಗಿ ಊದಿಕೊಂಡ ಪಾದ ಹುತ್ತದಂತೆ ಕಾಣುವುದರಿಂದ ಆ ಹೆಸರು ಒಪ್ಪುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದ್ದರಿಂದ ರೋಗಿಯನ್ನು ದೂರ ಇಡಬೇಕಾಗಿಲ್ಲ. ಯಾರ ಶಾಪದಿಂದಲೂ ಇದು ಬರುವುದಿಲ್ಲ.

ನಮ್ಮ ಸೀಮೆಯಲ್ಲಿ ಕಂಡ ರೋಗ

1842ರಲ್ಲಿ ಗಿಲ್ ಎಂಬ ವೈದ್ಯರು ತಮಿಳುನಾಡಿನ ಮಧುರೈಯಲ್ಲಿ ಇಂತಹ ರೋಗಿಗಳನ್ನು ಕಂಡು ಬರೆದಿಟ್ಟರು. ಅದರಿಂದಲೇ ಈ ರೋಗಕ್ಕೆ 'ಮಧುರಾ ಪಾದ' ಎಂಬ ಇನ್ನೊಂದು ಹೆಸರು ಬಂದಿತು. ಅದೇ ದಶಕದಲ್ಲಿ ಗಾಡ್‌ಫ್ರೆ ಎಂಬ ವೈದ್ಯರು ಬಳ್ಳಾರಿಯಲ್ಲಿ ಕಂಡ ರೋಗಿಗಳ ವಿಷಯವನ್ನು ಲಂಡನ್ನಿನ ವೈದ್ಯ ಪತ್ರಿಕೆಯೊಂದಕ್ಕೆ ಬರೆದು ಕಳುಹಿಸಿದರು. ಅನಂತಪುರ ಆಗ ಬೇರೆ ಜಿಲ್ಲೆಯಾಗಿರಲಿಲ್ಲ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಡಿಸಿ ಅನಂತಪುರ ಜಿಲ್ಲೆಯನ್ನು ಮಾಡಿದರು. ಗೋರಂಟ್ಲ ಈಗಿರುವ ಶ್ರೀ ಸತ್ಯಸಾಯಿ ಜಿಲ್ಲೆ ರಚನೆಯಾದದ್ದು 2022ರಲ್ಲಿ. ಜಿಲ್ಲೆಯ ಹೆಸರು ಬದಲಾದರೂ ನೆಲ ಒಂದೇ. ಮಳೆ ಕಡಿಮೆ, ಬಿಸಿಲು ಹೆಚ್ಚು, ಮುಳ್ಳು ಬಹಳ. ಇಂತಹ ಒಣ ಸೀಮೆಗಳಲ್ಲೇ ಈ ರೋಗ ಹೆಚ್ಚಾಗಿ ಕಾಣುತ್ತದೆ. ಆಫ್ರಿಕಾದ ಸುಡಾನ್, ಅಮೆರಿಕ ಖಂಡದ ಮೆಕ್ಸಿಕೋ ದೇಶಗಳಲ್ಲೂ ಇದು ಇದೆ.

ಆ ವೈದ್ಯರು ರೋಗವನ್ನು ಹೊರಗಿನಿಂದ ವರ್ಣಿಸಿದರು. ಅದಕ್ಕೆ ಕಾರಣ ಏನೆಂದು ಅವರಿಗೆ ತಿಳಿದಿರಲಿಲ್ಲ. ಕಾರಣವನ್ನು ಹುಡುಕಿದವರು ಹೆನ್ರಿ ವ್ಯಾನ್‌ಡೈಕ್ ಕಾರ್ಟರ್. ಅವರು ವೈದ್ಯರು, ಒಳ್ಳೆಯ ಚಿತ್ರಕಾರರೂ ಹೌದು. ಮನುಷ್ಯ ದೇಹದ ರಚನೆಯನ್ನು ಕಲಿಸುವ 'ಗ್ರೇಯ ಅಂಗರಚನಾ ಶಾಸ್ತ್ರ' ಎಂಬ ಹೆಸರಾದ ಪುಸ್ತಕಕ್ಕೆ ಚಿತ್ರ ಬರೆದವರು ಅವರೇ. ಆ ಪುಸ್ತಕ ಅಚ್ಚಾದ 1858ರಲ್ಲಿ ಅವರು ಮುಂಬಯಿಗೆ ಬಂದರು. ರೋಗಿಗಳ ಪಾದದಿಂದ ಬಂದ ಕಪ್ಪು ಕಾಳುಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರು. ಕಂಡದ್ದನ್ನು ಚಿತ್ರವಾಗಿ ಬರೆದರು. ಪ್ರತಿ ಕಾಳೂ ಒತ್ತಾಗಿ ಹೆಣೆದುಕೊಂಡ ಶಿಲೀಂಧ್ರದ ಎಳೆಗಳ ಉಂಡೆಯಾಗಿತ್ತು! 1860ರಿಂದ ಅವರು ಈ ವಿಷಯದ ಬಗ್ಗೆ ಬರೆಯುತ್ತಾ ಬಂದರು. 1874ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮೈಸಿಟೋಮಾ ಎಂಬ ಹೆಸರನ್ನು ಇಟ್ಟವರೂ ಅವರೇ. ಅದರ ಅರ್ಥ 'ಶಿಲೀಂಧ್ರದ ಗಂಟು'.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1894ರಲ್ಲಿ ವಿನ್ಸೆಂಟ್ ಎಂಬ ಫ್ರೆಂಚ್ ವೈದ್ಯರು ಇಂತಹದೇ ರೋಗಿಯೊಬ್ಬರ ಪಾದದಲ್ಲಿ ಬೇರೊಂದು ಜೀವಿಯನ್ನು ಕಂಡರು. ಅದು ಶಿಲೀಂಧ್ರವಲ್ಲ, ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ ಎಂದು ಮುಂದೆ ಸ್ಪಷ್ಟವಾಯಿತು. ಅಂದರೆ ಹೊರಗಿನಿಂದ ಒಂದೇ ರೀತಿ ಕಾಣುವ ಗಂಟಿಗೆ ಎರಡು ಬೇರೆ ಬೇರೆ ಕಾರಣಗಳಿವೆ.

ಹೊರಗೆ ಒಂದೇ, ಒಳಗೆ ಬೇರೆ

ಕಾರಣ ಯಾವುದಾದರೇನು ಎಂದು ನೀವು ಕೇಳಬಹುದು. ಇಲ್ಲಿಯೇ ಇರುವುದು ಮುಖ್ಯ ವಿಷಯ. ಶಿಲೀಂಧ್ರವನ್ನು ಕೊಲ್ಲುವ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧ ಶಿಲೀಂಧ್ರಕ್ಕೆ ನಾಟುವುದಿಲ್ಲ. ತಪ್ಪು ಔಷಧವನ್ನು ಒಂದು ವರ್ಷ ನುಂಗಿದರೂ ಗಂಟು ಬೆಳೆಯುತ್ತಲೇ ಇರುತ್ತದೆ.

ಪಾದದ ಗಂಟುಗಳೆಲ್ಲ ಮೈಸಿಟೋಮಾ ಆಗಿರುವುದಿಲ್ಲ. ಕೆಲವು ಬರೀ ಕೊಬ್ಬಿನ ಗಂಟುಗಳು. ಅವುಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಮೂಳೆಗೆ ಕ್ಷಯ ತಗುಲಿದರೂ ಪಾದ ಊದಿಕೊಳ್ಳುತ್ತದೆ. ಬಹಳ ಅಪರೂಪಕ್ಕೆ ಗಂಟು ಕ್ಯಾನ್ಸರ್ ಆಗಿರಬಹುದು. ಇವೆಲ್ಲವನ್ನೂ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲು ನುರಿತ ವೈದ್ಯರಿಗೂ ಆಗುವುದಿಲ್ಲ. ಎಕ್ಸ್‌ರೇ ತೆಗೆದರೆ ಮೂಳೆ ಎಷ್ಟು ಹಾಳಾಗಿದೆ ಎಂದು ತಿಳಿಯುತ್ತದೆ. ಹಾಳು ಮಾಡಿದವರು ಯಾರು ಎಂದು ಅದೊಂದರಿಂದಲೇ ಖಚಿತವಾಗಿ ತಿಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಗಂಟಿನ ಒಂದು ಸಣ್ಣ ತುಣುಕನ್ನು ತೆಗೆದು ಅದನ್ನೇ ಕೇಳಬೇಕು!

ಅಂಗಾಂಶ ಎಂದರೇನು?

ಮನೆಯ ಗೋಡೆ ಇಟ್ಟಿಗೆಗಳಿಂದ ಆಗಿರುವಂತೆ ನಮ್ಮ ದೇಹ ಜೀವಕೋಶಗಳಿಂದ ಆಗಿದೆ. ಒಂದೇ ಬಗೆಯ ಕೆಲಸ ಮಾಡುವ ಜೀವಕೋಶಗಳು ಗುಂಪಾಗಿ ಸೇರಿ ಅಂಗಾಂಶವಾಗುತ್ತದೆ. ಚರ್ಮ, ಸ್ನಾಯು, ಮೂಳೆ, ಕೊಬ್ಬು ಪ್ರತಿಯೊಂದರ ಅಂಗಾಂಶದ ಜೋಡಣೆಯೂ ಬೇರೆ ಬೇರೆ. ರೋಗ ಬಂದಾಗ ಈ ಜೋಡಣೆ ಕೆಡುತ್ತದೆ. ಯಾವ ರೋಗ ಬಂದರೆ ಹೇಗೆ ಕೆಡುತ್ತದೆ ಎಂಬುದನ್ನು ಬಲ್ಲವರು ರೋಗಶಾಸ್ತ್ರ ತಜ್ಞರು. ಅವರೂ ವೈದ್ಯರೇ. ಆದರೆ ಹೆಚ್ಚಿನ ರೋಗಿಗಳು ಅವರ ಮುಖವನ್ನೇ ನೋಡಿರುವುದಿಲ್ಲ. ಅವರ ಕೆಲಸ ಪ್ರಯೋಗಶಾಲೆಯಲ್ಲಿ, ಸೂಕ್ಷ್ಮದರ್ಶಕದ ಮುಂದೆ.

ಈ ವಿಧಾನ ನಿಮ್ಮ ಊರಿಗೆ ಹೊಸದಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರಲ್ಲವೇ? ಬಿತ್ತನೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪೆಬ್ರಿನ್ ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡುತ್ತಾರೆ. ಈ ಉಪಾಯವನ್ನು ಕಲಿಸಿದವರು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. ಚಿಟ್ಟೆಯ ರೋಗವನ್ನು ಹೀಗೆ ಹಿಡಿಯುವಂತೆ ಮನುಷ್ಯನ ರೋಗವನ್ನೂ ಹಿಡಿಯಬಹುದು.

ತುಣುಕಿನ ಪಯಣ

ಮೊದಲು ವೈದ್ಯರು ಗಂಟಿನ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಆಮೇಲೆ ಒಂದು ಚಿಕ್ಕ ತುಣುಕನ್ನು ತೆಗೆಯುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. ತುಣುಕನ್ನು ಹಾಗೆಯೇ ಇಟ್ಟರೆ ಕೊಳೆತುಹೋಗುತ್ತದೆ. ಆದ್ದರಿಂದ ಅದನ್ನು ಕೂಡಲೇ ಫಾರ್ಮಲಿನ್ ಎಂಬ ದ್ರವದ ಶೀಶೆಯಲ್ಲಿ ಹಾಕುತ್ತಾರೆ. ಶೀಶೆಯ ಮೇಲೆ ರೋಗಿಯ ಹೆಸರು, ವಯಸ್ಸು, ತುಣುಕು ತೆಗೆದ ಜಾಗ ಬರೆಯುತ್ತಾರೆ. ಹೆಸರು ಅದಲುಬದಲಾದರೆ ಒಬ್ಬರ ರೋಗಕ್ಕೆ ಇನ್ನೊಬ್ಬರಿಗೆ ಔಷಧ ಕೊಟ್ಟಂತಾಗುತ್ತದೆ!

ಪ್ರಯೋಗಶಾಲೆಯಲ್ಲಿ ತುಣುಕಿನ ನೀರಿನಂಶವನ್ನು ಆಲ್ಕೋಹಾಲಿನಿಂದ ತೆಗೆದು, ಆ ಜಾಗಕ್ಕೆ ಕರಗಿದ ಮೇಣವನ್ನು ತುಂಬಿಸುತ್ತಾರೆ. ಆರಿದ ಮೇಲೆ ತುಣುಕು ಮೇಣದ ಅಚ್ಚಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಈಗ ಅದನ್ನು ಮೈಕ್ರೋಟೋಮ್ ಎಂಬ ಯಂತ್ರದಲ್ಲಿಟ್ಟು ಹರಿತವಾದ ಅಲಗಿನಿಂದ ತೆಳ್ಳಗೆ ಹೆರೆಯುತ್ತಾರೆ. ಎಷ್ಟು ತೆಳ್ಳಗೆ ಗೊತ್ತೇ? ಒಂದು ಮಿಲಿಮೀಟರಿನಲ್ಲಿ 250 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು! ನಿಮ್ಮ ನೋಟ್ ಪುಸ್ತಕದ ಒಂದು ಹಾಳೆಯ ದಪ್ಪವಾಗಲು ಇಂತಹ ಸುಮಾರು ಇಪ್ಪತ್ತು ಪದರಗಳು ಬೇಕು. ಆ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳುತ್ತಾರೆ.

ಅಷ್ಟು ತೆಳುವಾದ ಪದರಕ್ಕೆ ಬಣ್ಣವೇ ಇರುವುದಿಲ್ಲ. ಧರ್ಮಾವರಂನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವಂತೆ ಇದಕ್ಕೂ ಬಣ್ಣ ಹಾಕಬೇಕು. ಮರದ ತಿರುಳಿನಿಂದ ಬರುವ ಹಿಮಟಾಕ್ಸಿಲಿನ್ ಎಂಬ ಬಣ್ಣ ಜೀವಕೋಶದ ನಡುವಿನ ಕೋಶಕೇಂದ್ರವನ್ನು ನೀಲಿಯಾಗಿಸುತ್ತದೆ. ಇಯೋಸಿನ್ ಎಂಬ ಬಣ್ಣ ಉಳಿದ ಭಾಗವನ್ನು ಗುಲಾಬಿಯಾಗಿಸುತ್ತದೆ. ಈಗ ಪದರ ಓದಲು ಸಿದ್ಧ.

ಸೂಕ್ಷ್ಮದರ್ಶಕದಲ್ಲಿ ಕಂಡದ್ದು

ರೋಗಶಾಸ್ತ್ರ ತಜ್ಞರು ಮೊದಲು ಕಾಳನ್ನು ಹುಡುಕುತ್ತಾರೆ. ಕಾಳಿನ ಸುತ್ತಲೂ ದೇಹದ ರಕ್ಷಕರಾದ ಬಿಳಿ ರಕ್ತಕಣಗಳು ಮುತ್ತಿಗೆ ಹಾಕಿರುತ್ತವೆ. ನಡುವೆ ಶತ್ರು ಕೋಟೆ ಕಟ್ಟಿಕೊಂಡು ಕುಳಿತಿರುತ್ತದೆ. ಶತ್ರುವಿನ ಎಳೆಗಳು ದಪ್ಪವಾಗಿದ್ದರೆ ಅದು ಶಿಲೀಂಧ್ರ. ಬಹಳ ಸಣ್ಣವಾಗಿದ್ದರೆ ಬ್ಯಾಕ್ಟೀರಿಯಾ. ಇನ್ನೂ ಖಚಿತವಾಗಲು ಬೇರೆ ಬಣ್ಣಗಳನ್ನು ಹಾಕಿ ನೋಡುತ್ತಾರೆ. ಗ್ರಾಂ ಎಂಬ ವಿಜ್ಞಾನಿ ಕಂಡುಹಿಡಿದ ವಿಧಾನದಲ್ಲಿ ಈ ಬ್ಯಾಕ್ಟೀರಿಯಾದ ಎಳೆಗಳು ನೇರಳೆಯಾಗುತ್ತವೆ. ಬೆಳ್ಳಿಯ ಲವಣ ಬಳಸುವ ವಿಧಾನದಲ್ಲಿ ಶಿಲೀಂಧ್ರದ ಎಳೆಗಳು ಕಪ್ಪಾಗಿ ಎದ್ದು ಕಾಣುತ್ತವೆ.

ಕಾಳಿನ ಬಣ್ಣವೂ ಸುಳಿವು ಕೊಡುತ್ತದೆ. ಕಪ್ಪು ಕಾಳು ಎಂದರೆ ಶಿಲೀಂಧ್ರ, ಕೆಂಪು ಕಾಳು ಎಂದರೆ ಬ್ಯಾಕ್ಟೀರಿಯಾ. ಆದರೆ ಬಿಳಿ ಕಾಳು ಎರಡರಲ್ಲೂ ಇರಬಹುದು. ಆಗ ಪರೀಕ್ಷೆಯೇ ದಾರಿ.

ಕೆಲವು ದಿನಗಳಲ್ಲಿ ವರದಿ ಬರುತ್ತದೆ. ಬ್ಯಾಕ್ಟೀರಿಯಾ ಎಂದಿದ್ದರೆ ಅದಕ್ಕೆ ತಕ್ಕ ಔಷಧಗಳನ್ನು ಕೆಲವು ತಿಂಗಳು ತೆಗೆದುಕೊಳ್ಳಬೇಕು. ಹೆಚ್ಚಿನವರು ಗುಣವಾಗುತ್ತಾರೆ. ಶಿಲೀಂಧ್ರ ಎಂದಿದ್ದರೆ ಔಷಧ ಬೇರೆ. ಅದನ್ನು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ನುಂಗಬೇಕು. ಗಂಟನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಗಬಹುದು. ಗಂಟು ಚಿಕ್ಕದಿರುವಾಗಲೇ ಬಂದರೆ ಪಾದ ಉಳಿಯುತ್ತದೆ. ಗಂಟು ಕ್ಯಾನ್ಸರ್ ಆಗಿದ್ದರೂ ಅಷ್ಟೇ. ಯಾವ ಬಗೆಯ ಕ್ಯಾನ್ಸರ್ ಎಂದು ತುಣುಕು ಹೇಳಿದ ಮೇಲೆಯೇ ಸರಿಯಾದ ಚಿಕಿತ್ಸೆ ಆರಂಭವಾಗುತ್ತದೆ.

ನಾವೇನು ಮಾಡಬೇಕು?

'ಗಂಟಿಗೆ ಕತ್ತಿ ತಾಗಿಸಬಾರದು, ತಾಗಿಸಿದರೆ ರೋಗ ಮೈಗೆಲ್ಲ ಹರಡುತ್ತದೆ' ಎಂದು ಕೆಲವರು ಹೆದರುತ್ತಾರೆ. ತಿಳಿದ ವೈದ್ಯರು ಸರಿಯಾದ ಕ್ರಮದಲ್ಲಿ ತುಣುಕು ತೆಗೆದರೆ ಹೀಗೆ ಹೆದರಬೇಕಾಗಿಲ್ಲ. ಪರೀಕ್ಷೆ ಮಾಡಿಸದೆ ಕಳೆಯುವ ತಿಂಗಳುಗಳೇ ಹೆಚ್ಚು ಅಪಾಯ. ಗಂಟಿನ ಮೇಲೆ ಬರೆ ಹಾಕುವುದು, ಸುಣ್ಣ ಹಚ್ಚುವುದು, ಬ್ಲೇಡಿನಿಂದ ಕೊಯ್ಯುವುದು ಒಳ್ಳೆಯದಲ್ಲ. ಅದರಿಂದ ಗಾಯ ಹೆಚ್ಚುತ್ತದೆ, ಗಂಟು ಹೋಗುವುದಿಲ್ಲ.

ಹೊಲಕ್ಕೆ, ಕುರಿ ಕಾಯಲು ಹೋಗುವಾಗ ಚಪ್ಪಲಿ ಹಾಕಿಕೊಳ್ಳಿ. ಮುಳ್ಳು ಚುಚ್ಚಿದರೆ ಪೂರ್ತಿ ತೆಗೆದು, ಸೋಪು ಹಾಕಿ ಶುದ್ಧ ನೀರಿನಲ್ಲಿ ಕಾಲು ತೊಳೆಯಿರಿ. ಮುಳ್ಳು ಚುಚ್ಚಿದ ಜಾಗದಲ್ಲಿ ಗಂಟು ಉಳಿದುಕೊಂಡರೆ, ನೋವಿಲ್ಲ ಎಂದು ಸುಮ್ಮನಿರಬೇಡಿ. ಮನೆಯಲ್ಲಿ ಅಪ್ಪ ಅಮ್ಮನಿಗೆ, ಶಾಲೆಯಲ್ಲಿ ಗುರುಗಳಿಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡಿ, ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಪರೀಕ್ಷೆಯ ವರದಿಯನ್ನು ಜೋಪಾನವಾಗಿಡಿ. ಗಂಟು ಕರಗಿತೆಂದು ಔಷಧವನ್ನು ನಡುವೆ ಬಿಡಬೇಡಿ. ವೈದ್ಯರು ನಿಲ್ಲಿಸಲು ಹೇಳುವವರೆಗೂ ತೆಗೆದುಕೊಳ್ಳಬೇಕು.

ಮೈಸಿಟೋಮಾ ಬರುವುದು ಹೆಚ್ಚಾಗಿ ಬರಿಗಾಲಲ್ಲಿ ದುಡಿಯುವ ಬಡವರಿಗೆ. ಅದಕ್ಕೇ ಲೋಕ ಇದನ್ನು ಬಹಳ ಕಾಲ ಮರೆತಿತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅಲಕ್ಷ್ಯಕ್ಕೆ ಒಳಗಾದ ರೋಗಗಳ ಪಟ್ಟಿಗೆ ಸೇರಿಸಿ, ಎಲ್ಲ ದೇಶಗಳೂ ಗಮನ ಕೊಡಬೇಕೆಂದು ಹೇಳಿತು. ನೀವೂ ಗಮನ ಕೊಡಬಹುದು. ನಿಮ್ಮ ಬೀದಿಯಲ್ಲಿ ಯಾರಾದರೂ ಊದಿದ ಪಾದವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕುಂಟುತ್ತಿದ್ದರೆ ದೂರ ಸರಿಯಬೇಡಿ. ಒಂದು ಸಣ್ಣ ತುಣುಕಿನ ಪರೀಕ್ಷೆಯಿಂದ ಅವರ ರೋಗದ ಹೆಸರು ತಿಳಿಯುತ್ತದೆ, ಹೆಸರು ತಿಳಿದರೆ ಮದ್ದು ಸಿಗುತ್ತದೆ ಎಂದು ಅವರಿಗೆ ಹೇಳಿ.