ಎಚ್.ಐ.ವಿ. ರಕ್ತಪರೀಕ್ಷೆ: ವರದಿಯನ್ನು ನಂಬುವುದು ಯಾವಾಗ?



"ಹುಡುಗನ ರಕ್ತಪರೀಕ್ಷೆ ಆಗಿದೆ, ನೆಗೆಟಿವ್ ಬಂದಿದೆ, ಇನ್ನೇನೂ ಭಯವಿಲ್ಲ" ಎಂಬ ಮಾತು ಮದುವೆ ಮಾತುಕತೆಗಳಲ್ಲಿ ಒಮ್ಮೊಮ್ಮೆ ಕೇಳಿಬರುತ್ತದೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ರಕ್ತ ಕೊಟ್ಟದ್ದು ಯಾವಾಗ, ಮಾಡಿದ್ದು ಯಾವ ಪರೀಕ್ಷೆ ಎಂದು ತಿಳಿಯದೆ ಆ ಕಾಗದವನ್ನು ಪೂರ್ತಿ ನಂಬುವಂತಿಲ್ಲ.

ಬಿತ್ತಿದ ಮರುದಿನ ಗದ್ದೆಗೆ ಹೋಗಿ, ಮೊಳಕೆ ಕಾಣಲಿಲ್ಲವೆಂದು ಬೀಜವೇ ಬಿದ್ದಿಲ್ಲ ಎನ್ನುತ್ತೇವೆಯೇ? ಎಚ್.ಐ.ವಿ. ಸೋಂಕೂ ಹಾಗೆಯೇ. ವೈರಸ್ ದೇಹ ಸೇರಿದ ಕೆಲವು ದಿನ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಮೊದಲು ರಕ್ತದಲ್ಲಿ ಕಾಣುವುದು ವೈರಸ್ಸಿನ ಆರ್.ಎನ್.ಎ., ಬಳಿಕ ಅದರ ಪಿ-24 ಎಂಬ ಪ್ರೋಟೀನು, ಕೊನೆಗೆ ಅದರ ವಿರುದ್ಧ ನಮ್ಮ ದೇಹವೇ ತಯಾರಿಸುವ ಪ್ರತಿಕಾಯಗಳು. ಸೋಂಕು ತಗಲಿದ್ದರೂ ಪರೀಕ್ಷೆಗೆ ಕಾಣದ ಈ ಕಾಲವನ್ನು ವೈದ್ಯರು 'ವಿಂಡೋ ಪೀರಿಯಡ್' ಎನ್ನುತ್ತಾರೆ. ಈ ಅವಧಿಯಲ್ಲೂ ಸೋಂಕು ಇನ್ನೊಬ್ಬರಿಗೆ ಹರಡಬಲ್ಲದು.

ಅಮೆರಿಕದಲ್ಲಿ 1985ರಲ್ಲಿ ಅನುಮತಿ ಪಡೆದ ಮೊದಲ ಎಲಿಸಾ ಪರೀಕ್ಷೆ ಪ್ರತಿಕಾಯಗಳನ್ನು ಮಾತ್ರ ಹುಡುಕುತ್ತಿತ್ತು. ಭಾರತದ ಮೊದಲ ಸೋಂಕಿತರು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ. ಈಗ ಮುಖ್ಯವಾಗಿ ಮೂರು ಬಗೆಯ ಪರೀಕ್ಷೆಗಳಿವೆ:

1. ಪ್ರತಿಕಾಯ ಪರೀಕ್ಷೆ. ಬೆರಳು ಚುಚ್ಚಿ ಮಾಡುವ ಹೆಚ್ಚಿನ ಶೀಘ್ರ ಪರೀಕ್ಷೆಗಳು ಈ ಬಗೆಯವು. ಸೋಂಕು ತಗಲಿ 23ರಿಂದ 90 ದಿನಗಳಲ್ಲಿ ಪತ್ತೆ.

2. ಪಿ-24 ಹಾಗೂ ಪ್ರತಿಕಾಯ ಎರಡನ್ನೂ ನೋಡುವ ಪರೀಕ್ಷೆ. ರಕ್ತನಾಳದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡಿದರೆ 18ರಿಂದ 45 ದಿನಗಳಲ್ಲಿ ಪತ್ತೆ.

3. ವೈರಸ್ಸಿನ ಆರ್.ಎನ್.ಎ.ಯನ್ನೇ ಹುಡುಕುವ 'ನಾಟ್' ಪರೀಕ್ಷೆ. 10ರಿಂದ 33 ದಿನಗಳಲ್ಲಿ ಪತ್ತೆ, ಖರ್ಚು ಹೆಚ್ಚು.

ಆದುದರಿಂದ ಬೇಗ ಬಂದ ನೆಗೆಟಿವ್ ವರದಿ ಕೊನೆಯ ಮಾತಲ್ಲ. ಅವಧಿ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಪಾಸಿಟಿವ್ ಬಂದರೆ? ಅಲ್ಲಿಯೂ ಅವಸರ ಬೇಡ. ಹತ್ತು ಸಾವಿರ ಜನರಲ್ಲಿ 20 ಮಂದಿಗೆ ಸೋಂಕಿದೆ ಎಂದಿಟ್ಟುಕೊಳ್ಳೋಣ. ಸೋಂಕಿಲ್ಲದವರಲ್ಲಿ ನೂರಕ್ಕೆ 99.5 ಮಂದಿಯನ್ನು ಸರಿಯಾಗಿ ಗುರುತಿಸುವ ಉತ್ತಮ ಪರೀಕ್ಷೆಯೂ ಉಳಿದ 9,980 ಜನರಲ್ಲಿ ಸುಮಾರು 50 ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಅಂದರೆ ನಿಜವಾದ 20ರ ಜೊತೆ ಸುಳ್ಳಿನ 50! ಭತ್ತ ತೂರುವಾಗ ಒಂದೇ ಸಲಕ್ಕೆ ಜೊಳ್ಳು ಹೋಗದಿದ್ದರೆ ಮತ್ತೆ ತೂರುತ್ತೇವೆ. ಅದೇ ರೀತಿ, ನಮ್ಮ ದೇಶದ ನಿಯಮದಂತೆ ಮೂರು ಬೇರೆ ಬೇರೆ ಪರೀಕ್ಷೆಗಳಲ್ಲೂ ಪಾಸಿಟಿವ್ ಬಂದರೆ ಮಾತ್ರ ಸೋಂಕು ಖಚಿತ.

ಸೋಂಕಿತ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದು. ಆದುದರಿಂದ ಹಸುಗೂಸಿಗೆ ಪ್ರತಿಕಾಯ ಪರೀಕ್ಷೆಯಿಂದ ತೀರ್ಮಾನ ಹೇಳಲಾಗದು. ಆರು ವಾರದಿಂದ ಪಿ.ಸಿ.ಆರ್. ಪರೀಕ್ಷೆ ಮಾಡಿಸುತ್ತಾರೆ.

ಬೇಗ ತಿಳಿದರೆ ಲಾಭವಿದೆ. 2017ರಿಂದ ನಮ್ಮ ದೇಶದಲ್ಲಿ ಸೋಂಕು ಖಚಿತವಾದ ಎಲ್ಲರಿಗೂ ಉಚಿತ ಚಿಕಿತ್ಸೆ ಆರಂಭಿಸುತ್ತಾರೆ. ದಿನವೂ ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿ ಹಾಗೆಯೇ ಉಳಿದವರಿಂದ ಬಾಳಸಂಗಾತಿಗೆ ಲೈಂಗಿಕವಾಗಿ ಸೋಂಕು ತಗಲುವುದಿಲ್ಲ. ಸೋಂಕಿನ ಅಪಾಯಕ್ಕೆ ಈಗಷ್ಟೇ ಒಳಗಾದವರು ಪರೀಕ್ಷೆಗೆ ಕಾಯದೆ, ಆದಷ್ಟು ಬೇಗ, 72 ಗಂಟೆ ಮೀರುವ ಮೊದಲು ಆಸ್ಪತ್ರೆಗೆ ಹೋದರೆ ತಡೆಗಟ್ಟುವ ಔಷಧವಿದೆ.

ಸರಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಫಲಿತಾಂಶ ಬಯಲು ಮಾಡುವುದನ್ನೂ 2017ರ ಕಾಯಿದೆ ತಡೆಯುತ್ತದೆ. 1097ಕ್ಕೆ ಫೋನು ಮಾಡಿದರೆ ಉಚಿತ ಸಲಹೆ ಸಿಗುತ್ತದೆ.

ವರದಿ ಕೈಗೆ ಬಂದಾಗ ದಿನಾಂಕ ನೋಡಿ, ಪರೀಕ್ಷೆಯ ಹೆಸರು ಕೇಳಿ. ಒಂದೇ ಪರೀಕ್ಷೆಯ ಮಾತಿನ ಮೇಲೆ ಯಾರ ಮದುವೆಯನ್ನೂ ಮುರಿಯಬೇಡಿ, ಯಾರ ಮಾನವನ್ನೂ ಕಳೆಯಬೇಡಿ. ನೆರೆಮನೆಯವರ ವರದಿ ನಮ್ಮ ಕಿವಿಗೆ ಬಿದ್ದರೆ, ಅದು ನಮ್ಮಲ್ಲೇ ನಿಲ್ಲಲಿ.