ಬಾಸ್ ಬಾಕ್ಸಿಗೆ ಯಾವ ಸ್ಕ್ರೂ?

ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರದಲ್ಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಿಗೆ ಹಲಸೂರಿನಿಂದ ಕೆ.ಆರ್. ಪುರದವರೆಗೆ ಆಳೆತ್ತರದ ಬಾಕ್ಸ್‌ಗಳು ಬಂದು ನಿಲ್ಲುತ್ತವೆ. ಹಾಡು ಮುಗಿದ ಮೇಲೆ ಟೆಂಪೋ ಹತ್ತಿ, ಹಂಪ್‌ಗಳ ಮೇಲೆ ಕುಲುಕುತ್ತ ಗೋಡೌನಿಗೆ ಹೋಗುತ್ತವೆ. ಕಾಯಿಲ್ ಸುಟ್ಟರೆ ಸ್ಪೀಕರ್ ಬಿಚ್ಚಬೇಕು, ರಿಪೇರಿಯಾದ ಮೇಲೆ ಮತ್ತೆ ಕೂರಿಸಬೇಕು. ಹೀಗೆ ಮತ್ತೆ ಮತ್ತೆ ಬಿಚ್ಚುವ ಜಾಗಕ್ಕೆ ಮರದ ಸ್ಕ್ರೂ ಹೊಂದುವುದಿಲ್ಲ.

12 ಇಂಚಿನ ವೂಫರ್ ಒಂದರಲ್ಲಿ ಕೋನು, ಕಾಯಿಲು ಸೇರಿ ಅಲುಗುವ ಭಾಗ 60 ಗ್ರಾಂ ಇದೆ ಎನ್ನಿ. 50 ಹರ್ಟ್ಸ್ ಬಾಸ್‌ಗೆ ಅದು ಮುಂದಕ್ಕೆ 5 ಮಿ.ಮೀ., ಹಿಂದಕ್ಕೆ 5 ಮಿ.ಮೀ. ಓಡಾಡಿದರೆ ಸ್ಪೀಕರಿನ ಚೌಕಟ್ಟಿಗೆ ತಗಲುವ ಬಲ ಹೆಚ್ಚೆಂದರೆ 30 ನ್ಯೂಟನ್, ಅಂದರೆ ಸುಮಾರು 3 ಕಿಲೋ ತೂಕದಷ್ಟು. ದೊಡ್ಡದೇನಲ್ಲ. ಆದರೆ ಈ ತಳ್ಳಾಟ ಎಳೆದಾಟ ಗಂಟೆಗೆ 1,80,000 ಸಲ ನಡೆಯುತ್ತದೆ. ಸ್ಕ್ರೂ ಕೊಂಚ ಸಡಿಲವಾದರೂ ಅಂಚಿನಲ್ಲಿ ಗಾಳಿ ಪುಸ್ಸೆನ್ನುತ್ತದೆ, ಬಾಸ್ ಬಡವಾಗುತ್ತದೆ.

ಹಾಡಿಗಿಂತ ಟೆಂಪೋ ಪ್ರಯಾಣವೇ ಹೆಚ್ಚು ಅಪಾಯ. ಬೋಲ್ಟನ್ನು ಬೇಗ ಸಡಿಲಿಸುವುದು ಉದ್ದಕ್ಕೆ ಎಳೆಯುವ ಬಲವಲ್ಲ, ಅಡ್ಡಡ್ಡ ಜಾರಿಸುವ ಅಲುಗಾಟ ಎಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟರು. ಹಿಂದೆ ನೇತಾಡುವ ಭಾರದ ಮ್ಯಾಗ್ನೆಟ್ ಪ್ರತಿ ಹಂಪಿಗೂ ಸ್ಪೀಕರನ್ನು ಪಕ್ಕಕ್ಕೆ ಜಗ್ಗುತ್ತದೆ. ಅಂಚು ಜಾರದಷ್ಟು ಬಿಗಿ ಇರಲೇಬೇಕು.

ಮರದಲ್ಲಿ ಸ್ಕ್ರೂ ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ಬಿಚ್ಚಿ ಮತ್ತೆ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ. 'ಟಕ್' ಎಂದು ಹಳೆಯ ಥ್ರೆಡ್ಡಿಗೆ ಇಳಿಯುವುದು ಕೈಗೆ ತಿಳಿಯುತ್ತದೆ. ಆಮೇಲೆ ಬಿಗಿಯಿರಿ. ಇಲ್ಲದಿದ್ದರೆ ಹೊಸ ದಾರಿ ಕೊರೆದು ತೂತು ಅಗಲವಾಗುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈ ಹೀಗೆ ಬಿಚ್ಚಿ ಹಾಕುವುದನ್ನು ಕೆಲವು ಸಲ ತಾಳಿಕೊಳ್ಳುತ್ತದೆ, ಎಂಡಿಎಫ್ ತಾಳುವುದಿಲ್ಲ. ಅದು ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಅದರ ದಪ್ಪದ ಅಂಚಿಗೆ ಮೊದಲೇ ತೂತು ಕೊರೆಯದೆ ಸ್ಕ್ರೂ ಹೊಡೆದರೆ ಸೀಳುತ್ತದೆ. ಜಿಪ್ಸಮ್ ಸೀಲಿಂಗಿನ ಕಪ್ಪು ಸ್ಕ್ರೂ ಅಗ್ಗವೆಂದು ಬಳಸುವವರುಂಟು. ದಯವಿಟ್ಟು ಬೇಡ. ಅದು ಗಡಸು, ಬಾಗುವ ಬದಲು ತಲೆ ಮುರಿದುಕೊಳ್ಳುತ್ತದೆ. ಹಲಗೆಗೆ ಹಲಗೆ ಕೂಡಿಸುವಲ್ಲಿ ಚಿಪ್‌ಬೋರ್ಡ್ ಸ್ಕ್ರೂ ಸಾಕು. ಅಲ್ಲಿ ನಿಜವಾದ ಹಿಡಿತ ಅಂಟಿನದು, ಸ್ಕ್ರೂ ಅಂಟು ಒಣಗುವವರೆಗಿನ ಕ್ಲಾಂಪು.

ಸ್ಪೀಕರಿಗೆ ಮಾತ್ರ ಟಿ-ನಟ್, ಅಂದರೆ ಅಂಚಿನಲ್ಲಿ ಹಲ್ಲುಗಳಿರುವ ಚಕ್ರದಂಥ ನಟ್ಟು, ಹಾಕಿ. ಅದು ಹಲಗೆಯ ಒಳಬದಿಯಲ್ಲೇ ಕೂರಬೇಕು, ಆಗ ಬೋಲ್ಟ್ ಬಿಗಿದಷ್ಟೂ ಅದರ ಹಲ್ಲು ಮರಕ್ಕೆ ಕಚ್ಚುತ್ತದೆ. ಸುತ್ತಿಗೆಯಿಂದ ಹೊಡೆದರೆ ಓರೆಯಾಗಬಹುದು; ಬೋಲ್ಟು, ದೊಡ್ಡ ವಾಷರ್ ಹಾಕಿ ಎಳೆದು ಕೂರಿಸಿ. ಚಕ್ರದ ಅಂಚಿಗೆ ಸ್ವಲ್ಪ ಎಪಾಕ್ಸಿ ಇರಲಿ, ಥ್ರೆಡ್ಡಿಗೆ ತಾಗದಂತೆ. ಟಿ-ನಟ್ ಹಲ್ಲು ಕಿತ್ತುಕೊಂಡು ಮರದಲ್ಲಿ ಸುತ್ತತೊಡಗಿದರೆ ಗತಿ ಕೆಟ್ಟಿತು: ಹಿಡಿಯಬೇಕಾದ ನಟ್ಟು ಒಳಗೆ, ಒಳಗೆ ಹೋಗುವ ದಾರಿಗೆ ಸ್ಪೀಕರೇ ಅಡ್ಡ. ಆದ್ದರಿಂದ ಮೊದಲ ಮೂರ್ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಿ, ಆಮೇಲೆ ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗ್ಯಾಸ್ಕೆಟ್ ಕೆಲವು ದಿನಗಳಲ್ಲಿ ಅಮುಕಿಕೊಳ್ಳುತ್ತದೆ, ಆಗ ಇನ್ನೊಮ್ಮೆ ಬಿಗಿಯಬೇಕು. ಆಲನ್ ಕೀ ತಲೆಯ ಬೋಲ್ಟ್ ಒಳ್ಳೆಯದು. ಸ್ಟಾರ್ ಸ್ಕ್ರೂಡ್ರೈವರ್ ಸುಲಭವಾಗಿ ಜಾರುತ್ತದೆ, ಪಕ್ಕದಲ್ಲೇ ಮ್ಯಾಗ್ನೆಟ್ ಇರುವುದರಿಂದ ಅದರ ತುದಿ ನೇರ ಕೋನಿನೊಳಗೆ ನುಗ್ಗಿ ಅದನ್ನು ಹರಿಯುತ್ತದೆ.

ಶಿವಾಜಿನಗರದ ಗುಜರಿಯಲ್ಲಿ ಬೋಲ್ಟ್ ಆರಿಸುವವರಿಗೆ ಇನ್ನೊಂದು ಮಾತು. ಅಮೆರಿಕದ 10-32 ಬೋಲ್ಟು ನಮ್ಮ ಎಂ5 ನಟ್ಟಿನೊಳಗೆ ಸಲೀಸಾಗಿ ಹೋಗುತ್ತದೆ. ಎರಡರ ಥ್ರೆಡ್ಡಿನ ಅಂತರ ಹೆಚ್ಚುಕಡಿಮೆ 0.8 ಮಿ.ಮೀ., ಆದರೆ 10-32ರ ವ್ಯಾಸ 4.83 ಮಿ.ಮೀ. ಅಷ್ಟೇ. ಹೀಗಾಗಿ ಥ್ರೆಡ್ ಮೇಲ್ಮೇಲೆ ಮಾತ್ರ ಹಿಡಿದಿರುತ್ತದೆ. ಒಂದೆರಡು ಸುತ್ತು ಹಾಕಿ ಅಡ್ಡಡ್ಡ ಅಲುಗಿಸಿ ನೋಡಿ, ಲೊಡಲೊಡ ಎಂದರೆ ಆ ಬೋಲ್ಟನ್ನು ಅಲ್ಲೇ ಬಿಟ್ಟುಬನ್ನಿ.